ನಾದದ ಗುಟ್ಟನ್ನು ಅರಸಿದ ಭೌತವಿಜ್ಞಾನಿ ಸರ್ ಸಿ.ವಿ. ರಾಮನ್

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿ ತೀರದ ಗ್ರಾಮವಾಗಿದ್ದು, ಸಂಗೀತ ಗ್ರಾಮವೆಂದೇ ನಾಡಿನಾದ್ಯಂತ ಪ್ರಸಿದ್ಧವಾಗಿದೆ. ವಿದ್ವಾನ್ ಆರ್.ಕೆ. ಶ್ರೀಕಂಠನ್ (1920-2014) ಅವರು ಜನಿಸಿದ ಈ ಗ್ರಾಮದಲ್ಲಿ ತಂಬೂರಿಯ ಆಕಾರದ ಧ್ಯಾನ ಮಂದಿರವೂ ಇದೆ. ಇಲ್ಲಿನ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬಂದ ತಂಬೂರಿ ಮತ್ತು ಮೃದಂಗಗಳ ನಾದಕ್ಕೆ ಭೌತವಿಜ್ಞಾನದ ವಿವರಣೆ ನೀಡಿದವರು ಸರ್ ಚಂದ್ರಶೇಖರ ವೆಂಕಟರಾಮನ್. ಬೆಳಕಿನ ಸಂಶೋಧನೆಗಾಗಿ ಅವರನ್ನು ಎಲ್ಲರೂ ಬಲ್ಲರು. ಅದಕ್ಕೂ ಮೊದಲು ಅವರು ಬಹುಕಾಲ ನಾದವನ್ನು ಕುರಿತು ಸಂಶೋಧನೆ ನಡೆಸಿದ್ದರೆಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ರಾಮನ್‌ರವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್‌ರವರು ಗಣಿತ ಮತ್ತು ಭೌತವಿಜ್ಞಾನದ ಉಪನ್ಯಾಸಕರಾಗಿದ್ದು, ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿಯವರು ವೀಣಾವಾದನ ಬಲ್ಲವರಾಗಿದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ರಾಮನ್‌ರವರು 1907ರಲ್ಲಿ ಎಂ.ಎ. ಪದವಿ ಗಳಿಸಿದರು. ಅದೇ ವರ್ಷ ಹಣಕಾಸು ಸೇವೆಯ ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇನ್ನೂ 19 ವರ್ಷ ತುಂಬುವ ಮೊದಲೇ ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ನೇಮಕಗೊಂಡರು.

ಕಚೇರಿ ಮತ್ತು ಪ್ರಯೋಗಾಲಯ

ಡಾ. ಮಹೇಂದ್ರಲಾಲ್ ಸರ್ಕಾರ್‌ರವರು 1876ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ್ದ ಭಾರತೀಯ ವಿಜ್ಞಾನ ಪ್ರಸಾರ ಸಂಘದ ಪ್ರಯೋಗಾಲಯವು ರಾಮನ್‌ರವರಿಗೆ ಆಶ್ರಯವಾಯಿತು. ಕಚೇರಿಯ ಲೆಕ್ಕಪತ್ರಗಳ ಕರ್ತವ್ಯಕ್ಕೆ ಮೊದಲು ಮತ್ತು ನಂತರ, ಮುಂಜಾನೆ ಹಾಗೂ ಸಂಜೆಯ ವೇಳೆ ಅವರು ಅಲ್ಲಿ ಪ್ರಯೋಗಗಳಲ್ಲಿ ನಿರತರಾಗಿರುತ್ತಿದ್ದರು. ಹೀಗೆ ಸುಮಾರು 10 ವರ್ಷ ಕಳೆದ ಬಳಿಕ, 1917ರಲ್ಲಿ ಹೆಚ್ಚಿನ ವೇತನದ ಸರ್ಕಾರಿ ಹುದ್ದೆಯನ್ನು ತ್ಯಜಿಸಿ, ಕಡಿಮೆ ವೇತನದ ಪ್ರಾಧ್ಯಾಪಕ ಹುದ್ದೆಯನ್ನು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಸ್ವೀಕರಿಸಿದರು.

ಮೃದಂಗ ಮತ್ತು ತಂಬೂರಿಯ ಅಧ್ಯಯನ

ಸಮಾನ ದಪ್ಪದ ಚರ್ಮವನ್ನು ದುಂಡಗೆ ಬಿಗಿದು ಬಾರಿಸಿದಾಗ ಹಲವು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಅವುಗಳಲ್ಲಿ ಎರಡನೆಯದರ ಕಂಪನಾಂಕವು ಮೊದಲನೆಯದರ ಸುಮಾರು 1.59ರಷ್ಟು ಇರುತ್ತದೆ. ಉಳಿದವುಗಳೂ ಪೂರ್ಣಾಂಕದ ಅನುಪಾತದಲ್ಲಿ ಇರುವುದಿಲ್ಲ. ಆದುದರಿಂದ ಅಂತಹ ವಾದ್ಯದಲ್ಲಿ ಸದ್ದು ಇರುತ್ತದೆಯೇ ಹೊರತು ಶ್ರುತಿ ಇರುವುದಿಲ್ಲ. ಆದರೆ ಮೃದಂಗದ ಬಲಮುಖವು ಶ್ರುತಿಗೆ ನಿಲ್ಲುತ್ತದೆ. ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು, ಪದರ ಪದರವಾಗಿ ಹಚ್ಚುವ ಕರಣೆಯೇ ಇದಕ್ಕೆ ಮುಖ್ಯ ಕಾರಣವೆಂದು ರಾಮನ್‌ರವರು ತೋರಿಸಿದರು. ಕರಣೆಯ ಭಾರದಿಂದ ಚರ್ಮದ ಕಂಪನಗಳು ಬದಲಾಗಿ, ಮೂಲಸ್ವರದ 2, 3, 4 ಮತ್ತು 5 ಪಟ್ಟು ಕಂಪನಾಂಕಗಳಿಗೆ ಬಂದು ಹೊಂದಿಕೊಳ್ಳುತ್ತವೆ. ಚರ್ಮದ ಮೇಲೆ ನಯವಾದ ಮರಳನ್ನು ಉದುರಿಸಿ, ಅದು ಕೂಡುವ ಗೆರೆಗಳ ಮೂಲಕ ಕಂಪನಗಳ ಸ್ವರೂಪವನ್ನು ಅವರು ಗುರುತಿಸಿದರು. ಶಿವಕಾಳಿ ಕುಮಾರ್‌ರವರೊಂದಿಗೆ ಬರೆದ ಈ ಕುರಿತ ಲೇಖನವು 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

1921ರಲ್ಲಿ ಅವರು ವೀಣೆ ಮತ್ತು ತಂಬೂರಿಗಳನ್ನು ಕುರಿತು ಬರೆದರು. ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದಾಗ, ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದೆಂಬುದು ಅಂದಿನ ನಿಯಮವಾಗಿತ್ತು. ತಂಬೂರಿಯಲ್ಲಿ ಅವೂ ಸ್ಪಷ್ಟವಾಗಿ ಕೇಳಿಬರುತ್ತವೆ. ಅಗಲವಾದ ಕುದುರೆಯ ಬಾಗಿದ ಮೈಯನ್ನು ತಂತಿಯು ಸವರುತ್ತಾ ಕಂಪಿಸುವುದು ಹಾಗೂ ಅಲ್ಲಿ ತಂತಿಯ ಕೆಳಗೆ ಇಡುವ ದಾರದ ಎಳೆ ಇದಕ್ಕೆ ಕಾರಣವೆಂದು ಅವರು ವಿವರಿಸಿದರು.

ಈ ವಾದ್ಯಗಳನ್ನು ರೂಪಿಸಿದ ಕುಶಲಕರ್ಮಿಗಳ ಹೆಸರು ಎಲ್ಲಿಯೂ ದಾಖಲಾಗಿಲ್ಲ. ಸಮೀಕರಣಗಳ ನೆರವಿಲ್ಲದೆ, ಕಿವಿಯೊಂದನ್ನೇ ನಂಬಿ ಅವರು ಸಾಧಿಸಿದ್ದು ಕಠಿಣವಾದ ಭೌತವಿಜ್ಞಾನವೇ ಆಗಿತ್ತೆಂಬುದನ್ನು ರಾಮನ್‌ರವರ ಲೇಖನಗಳು ವಿದ್ವತ್ ಪ್ರಪಂಚಕ್ಕೆ ತಿಳಿಸಿಕೊಟ್ಟವು.

ಬೆಂಗಳೂರಿನ ವರ್ಷಗಳು

1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧನೆಯಾಯಿತು. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಲಭಿಸಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಯ ನಡಾವಳಿಯ ಮೊದಲ ಸಂಪುಟದಲ್ಲಿಯೇ ಭಾರತೀಯ ಚರ್ಮವಾದ್ಯಗಳನ್ನು ಕುರಿತ ಅವರ ವಿಸ್ತೃತ ಲೇಖನವಿದೆ. ನೊಬೆಲ್ ಪುರಸ್ಕಾರದ ನಂತರವೂ ಅವರು ಮೃದಂಗವನ್ನು ಮರೆತಿರಲಿಲ್ಲ.

ಆಡಳಿತ ಮಂಡಳಿಯೊಂದಿಗಿನ ಭಿನ್ನಾಭಿಪ್ರಾಯದಿಂದಾಗಿ 1937ರಲ್ಲಿ ನಿರ್ದೇಶಕ ಸ್ಥಾನವನ್ನು ಬಿಟ್ಟುಕೊಟ್ಟ ಅವರು, 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿ ಮುಂದುವರಿದರು. ಬಳಿಕ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯನಿರತರಾದರು. 1954ರಲ್ಲಿ ಭಾರತರತ್ನ ಪ್ರಶಸ್ತಿಗೆ ಭಾಜನರಾದರು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಕ್ರಿಯೆಯು ಆ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು.

ರಾಮನ್ ಪರಿಣಾಮದ ಸ್ಮರಣಾರ್ಥ 1987ರಿಂದ ಪ್ರತಿ ವರ್ಷ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸಲಾಗುತ್ತಿದೆ. ಅಂದು ಶಾಲೆಗಳಲ್ಲಿ ಒಂದು ಸರಳ ಪ್ರಯೋಗವನ್ನು ಕೈಗೊಳ್ಳಬಹುದು. ತಂಬೂರಿಯ ತಂತಿಯನ್ನು ದಾರದ ಎಳೆಯೊಂದಿಗೆ ಒಮ್ಮೆ, ಎಳೆಯನ್ನು ತೆಗೆದು ಮತ್ತೊಮ್ಮೆ ಮೀಟಿ ಆಲಿಸಿದಲ್ಲಿ, ರಾಮನ್‌ರವರು ಅರಸಿದ ವ್ಯತ್ಯಾಸವು ಮಕ್ಕಳ ಕಿವಿಗೂ ತಿಳಿಯುವುದು.