ನೈಟಿಂಗೇಲ್ ಮಹಿಳೆಯೂ ಲೆಕ್ಕದ ವಿದ್ಯೆಯೂ

ಫ್ಲಾರೆನ್ಸ್ ನೈಟಿಂಗೇಲ್ ಎಂಬ ಹೆಸರನ್ನು ಕೇಳಿದೊಡನೆಯೇ, ಕೈಯಲ್ಲಿ ದೀಪವನ್ನು ಹಿಡಿದು ಗಾಯಗೊಂಡ ಸಿಪಾಯಿಗಳ ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಸಾಧ್ವಿಯೊಬ್ಬಳ ಚಿತ್ರವು ನಮ್ಮ ಕಣ್ಣಿಗೆ ಕಟ್ಟುವುದು. ಕೆಳಗಣ ತರಗತಿಗಳಲ್ಲಿ ನಾವೆಲ್ಲರೂ ಓದಿದ ಕಥೆಯು ಅದೇ. ಆ ಚಿತ್ರವು ಸುಳ್ಳೇನೂ ಅಲ್ಲ. ಆದರೆ ಆಕೆಯು ಆ ಯುದ್ಧದ ಆಸ್ಪತ್ರೆಗಳಲ್ಲಿ ದೀಪ ಹಿಡಿದು ನಡೆದುದು ಎರಡು ವರ್ಷಗಳಿಗಿಂತಲೂ ಕಡಿಮೆ ಕಾಲ. ಅಂಕಿಗಳ ಕಾಗದಗಳನ್ನು ಮುಂದಿಟ್ಟುಕೊಂಡು ಕುಳಿತುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ವಿದ್ಯೆಯನ್ನು ತಾನು ಕಲಿಯುವುದಕ್ಕೂ, ಮುಂದೆ ಇತರರಿಗೆ ಕಲಿಸುವ ಏರ್ಪಾಡು ಮಾಡುವುದಕ್ಕೂ ಆಕೆಯು ಪಟ್ಟ ಶ್ರಮವನ್ನು ಹೆಣ್ಣುಮಕ್ಕಳ ತಾಯಿತಂದೆಗಳು ಅರಿಯುವುದು ಉಚಿತವೆಂದು ಭಾವಿಸಿ ಇದನ್ನು ಬರೆಯಲಾಗಿದೆ.

ಈಕೆಯು 1820ನೆಯ ಇಸವಿ ಮೇ ತಿಂಗಳ 12ನೆಯ ತಾರೀಖಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆಯಾದ ವಿಲಿಯಂ ನೈಟಿಂಗೇಲನು ಸಿರಿವಂತನು, ವಿದ್ಯಾವಂತನು. ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಚರಿತ್ರೆ ಮುಂತಾದುವನ್ನು ತಾನೇ ಹೇಳಿಕೊಟ್ಟನು. ಆ ಕಾಲದ ಇಂಗ್ಲಿಷ್ ಮನೆತನಗಳಲ್ಲಿ ಇದು ಅಪರೂಪವಾದ ಭಾಗ್ಯವೇ ಸರಿ. ಆದರೆ ಕಿರಿಯ ಮಗಳ ಮನಸ್ಸು ಗಣಿತದ ಕಡೆಗೆ ಒಲಿದಾಗ ಮನೆಯಲ್ಲಿ ತೊಡಕು ಹುಟ್ಟಿತು. ಮದುವೆಯಾಗಿ ಮನೆವಾರ್ತೆ ನೋಡಬೇಕಾದ ಹುಡುಗಿಗೆ ಬೀಜಗಣಿತವೂ ರೇಖಾಗಣಿತವೂ ಏತಕ್ಕೆಂದು ತಾಯಿಯು ಒಪ್ಪಲಿಲ್ಲ. 1840ರಲ್ಲಿ ಸೋದರತ್ತೆ ಮೇರಿಯು, ಮನೆಯವರು ಮೇ ಎಂದು ಕರೆಯುತ್ತಿದ್ದವಳು, ಸೊಸೆಯ ಪರವಾಗಿ ಮಾತನಾಡಿದಳು. ಬೆಳಗಿನ ಜಾವದಲ್ಲೆದ್ದು ಚಳಿಯಲ್ಲಿ ಅವಳ ಸಂಗಡ ತಾನೂ ಕುಳಿತು ಗಣಿತವನ್ನು ಅಭ್ಯಾಸಮಾಡಿದಳು. ಕಡೆಗೆ ಸ್ವಲ್ಪ ಕಾಲ ಮಾತ್ರ ಒಬ್ಬ ಉಪಾಧ್ಯಾಯನಿಂದ ಪಾಠ ಹೇಳಿಸಿಕೊಳ್ಳಲು ಅನುಮತಿ ದೊರೆಯಿತು. ಮನೆಗೊಬ್ಬಳು ಇಂತಹ ಅತ್ತೆಯಿದ್ದರೆ ಎಷ್ಟು ಹುಡುಗಿಯರ ಭಾಗ್ಯವು ತೆರೆದೀತೋ!

ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆಂಬ ನಂಬಿಕೆಯು ಆಕೆಗೆ 1837ರಲ್ಲಿಯೇ, ಹದಿನಾರನೆಯ ವಯಸ್ಸಿನಲ್ಲಿ, ಉಂಟಾಗಿತ್ತು. ಆ ಸೇವೆಯು ಯಾವುದೆಂದು ತಿಳಿಯಲು ಬಹುಕಾಲ ಹಿಡಿಯಿತು. ಈ ನಡುವೆ ಆಕೆಯು ಅನೇಕ ಊರುಗಳ ಆಸ್ಪತ್ರೆಗಳ ವರದಿಗಳನ್ನು ತರಿಸಿ, ಮನೆಯವರು ಏಳುವುದಕ್ಕೆ ಮುಂಚೆ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಳು. ಅಂಕಿಗಳನ್ನು ಓದುವುದಕ್ಕೆ ಆಕೆಗೆ ದೊರೆತ ಪಾಠಪುಸ್ತಕಗಳೆಂದರೆ ಇವೇ. 1851ರಲ್ಲಿ ಜರ್ಮನಿಯ ರೈನ್ ನದೀತೀರದ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರನ ಸೇವಿಕಾಶ್ರಮದಲ್ಲಿ ಮೂರು ತಿಂಗಳಿದ್ದು ರೋಗಿಗಳ ಶುಶ್ರೂಷೆಯನ್ನು ಕಲಿತಳು.

1854ರ ನವೆಂಬರ್ 4ನೆಯ ತಾರೀಖಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಯನ್ನು ತಲುಪಿದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅಲ್ಲಿ ಕೊಳೆ, ಹಸಿವು, ಹುಳುಗಳ ಸಂಗಡ ಇನ್ನೊಂದು ಅವ್ಯವಸ್ಥೆಯನ್ನೂ ಆಕೆಯು ಕಂಡಳು: ಸತ್ತವರ ಲೆಕ್ಕವು ಒಂದೊಂದು ದಫ್ತರದಲ್ಲಿ ಒಂದೊಂದು ಬಗೆಯಾಗಿತ್ತು. 1855ರ ಫೆಬ್ರವರಿಯಲ್ಲಿ ಸ್ಕುಟಾರಿಯ ಮರಣವು ನೂರಕ್ಕೆ 42ಕ್ಕೂ ಮೇಲೇರಿತು. ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ಬಂದ ಆರೋಗ್ಯ ಸಮಿತಿಯವರು ಕಟ್ಟಡದ ಕೆಳಗಣ ಮೋರಿಗಳನ್ನು ತೊಳೆಯಿಸಿ, ಗಾಳಿ ನೀರುಗಳನ್ನು ಸರಿಪಡಿಸಿದರು. ಜೂನ್ ತಿಂಗಳ ಹೊತ್ತಿಗೆ ಅದು ನೂರಕ್ಕೆ ಎರಡಕ್ಕೆ ಇಳಿಯಿತು.

ಊರಿಗೆ ಹಿಂದಿರುಗಿದ ಮೇಲೆ, 1856ರಲ್ಲಿ, ಇಂಗ್ಲೆಂಡಿನ ಜನನ ಮರಣಗಳ ಪ್ರಧಾನ ಕಚೇರಿಯ ವಿಲಿಯಂ ಫಾರ್ ಎಂಬ ಪಂಡಿತನ ಪರಿಚಯವಾಯಿತು. ಮೂವತ್ತಾರನೆಯ ವಯಸ್ಸಿನಲ್ಲಿ ಆಕೆಗೆ ನಿಜವಾದ ಗುರುವು ದೊರೆತನು. ವಯಸ್ಸಿನ ಪ್ರಕಾರ ಮರಣಪ್ರಮಾಣವನ್ನು ಹೋಲಿಸುವ ಕ್ರಮವನ್ನು ಆಕೆಯು ಇವನಿಂದ ಕಲಿತಳು. ಹೋಲಿಸಿ ನೋಡಲಾಗಿ, ಯುದ್ಧವಿಲ್ಲದ ಕಾಲದಲ್ಲಿ ಸ್ವದೇಶದ ಬಿಡಾರಗಳಲ್ಲಿರುವ ಯುವಕ ಸಿಪಾಯಿಗಳೂ ಅದೇ ವಯಸ್ಸಿನ ಇತರ ಜನರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿ ಸಾಯುತ್ತಿದ್ದರೆಂದು ತಿಳಿದುಬಂದಿತು. ಸ್ಕುಟಾರಿಯ ಲೆಕ್ಕವಾದರೋ ಇನ್ನೂ ಕಠಿಣವಾದ ಮಾತನ್ನು ಹೇಳಿತು. ತಾನು ಹಗಲಿರುಳು ದುಡಿದ ಆ ಆಸ್ಪತ್ರೆಯೇ ಮೊದಲ ಚಳಿಗಾಲದಲ್ಲಿ ಅತ್ಯಂತ ಮಾರಕವಾಗಿತ್ತು. ಶುಶ್ರೂಷೆಯೊಂದೇ ಆ ಪ್ರಾಣಗಳನ್ನು ಉಳಿಸಲಾರದೆ ಹೋಗಿತ್ತು. ಲೋಕವೆಲ್ಲ ಕೊಂಡಾಡುತ್ತಿದ್ದ ಸಮಯದಲ್ಲಿ ಆಕೆಯು ಈ ಲೆಕ್ಕವನ್ನು ಮುಚ್ಚಿಡದೆ ತನ್ನ ವರದಿಯಲ್ಲಿ ಬರೆದಳು. ದೀಪದ ಕಥೆಗಿಂತಲೂ ಇದು ದೊಡ್ಡದೆಂದು ನಮಗೆ ತೋರುತ್ತದೆ.

ಕೋಷ್ಟಕಗಳನ್ನು ಮಂತ್ರಿಗಳು ಓದುವುದಿಲ್ಲವೆಂಬುದನ್ನು ಆಕೆಯು ಬಲ್ಲಳು. ಲೆಕ್ಕವು ಒಣಗಿಯೇ ಇರಬೇಕೆಂಬುದು ಫಾರನ ಮತ. ಶಿಷ್ಯೆಯು ಈ ವಿಷಯದಲ್ಲಿ ಗುರುವಿನ ಮಾತನ್ನು ಕೇಳಲಿಲ್ಲ. 1858ರಲ್ಲಿ ಚಿತ್ರವೊಂದನ್ನು ಮಾಡಿಸಿದಳು. ದೋಸೆಯನ್ನು ಹನ್ನೆರಡು ಸಮಭಾಗ ಮಾಡಿದಂತೆ ವರ್ಷದ ತಿಂಗಳಿಗೊಂದು ಹೋಳು. ಸತ್ತವರು ಹೆಚ್ಚಾದಂತೆಲ್ಲ ಹೋಳು ಹೊರಕ್ಕೆ ಚಾಚುವುದು. ತಡೆಯಬಹುದಾಗಿದ್ದ ರೋಗಗಳಿಗೆ ನೀಲಿ, ಗಾಯಗಳಿಗೆ ಕೆಂಪು, ಉಳಿದುವಕ್ಕೆ ಕಪ್ಪು. 1855ರ ಜನವರಿಯೊಂದರಲ್ಲಿಯೇ ಗಾಯದಿಂದ ಸತ್ತವರು 83 ಮಂದಿ, ಅಂತಹ ರೋಗಗಳಿಂದ ಸತ್ತವರು 2,761 ಮಂದಿ. ಶತ್ರುವಿನ ಗುಂಡಿಗಿಂತ ಕೊಳಚೆಯು ಎಷ್ಟು ಕ್ರೂರವೆಂಬುದನ್ನು ಅಕ್ಷರ ಬಾರದವನೂ ಆ ನೀಲಿಯನ್ನು ನೋಡಿ ತಿಳಿಯಬಹುದಾಗಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದವರು ಆಕೆಯನ್ನು ತಮ್ಮ ಪ್ರಥಮ ಮಹಿಳಾ ಸದಸ್ಯಳನ್ನಾಗಿ ಆರಿಸಿದರು.

ನಮ್ಮ ದೇಶದ ಋಣವೂ ಇದರಲ್ಲಿ ಉಂಟು. ಆಕೆಯು ಹಿಂದೂದೇಶವನ್ನು ಎಂದೂ ಕಂಡವಳಲ್ಲ. 1857ರಿಂದ ದೇಹಾಲಸ್ಯದ ನಿಮಿತ್ತ ಬಹುಮಟ್ಟಿಗೆ ಕೋಣೆಯಲ್ಲಿಯೇ ಇದ್ದಳು. ಆದರೂ 1859ರಲ್ಲಿ ಇಲ್ಲಿಯ ಸೈನ್ಯದ ಆರೋಗ್ಯವನ್ನು ವಿಚಾರಿಸಲು ರಾಜಸಮಿತಿಯೊಂದು ನೇಮಕವಾದಾಗ, ಪ್ರತಿಯೊಂದು ದಂಡಿನ ಊರಿಗೂ ಕಳುಹಿಸತಕ್ಕ ಪ್ರಶ್ನೆಗಳ ನಮೂನೆಯನ್ನು ಸಿದ್ಧಪಡಿಸುವುದರಲ್ಲಿ ಆಕೆಯ ಕೈಯಿದ್ದಿತು. ಹೀಗೆ ಬಂದ ಉತ್ತರಗಳಲ್ಲಿ ಬೆಂಗಳೂರಿನದೂ ಒಂದು. ಪೇಟೆಯ ಕಲ್ಮಷವೆಲ್ಲ ಹರಿದು ಸೇರುತ್ತಿದ್ದ ಹಲಸೂರು ಕೆರೆಯ ನೀರನ್ನೇ ಜನರು ಕುಡಿಯುತ್ತಿದ್ದರೆಂಬುದು ಆಕೆಯ ಕಣ್ಣಿಗೆ ಬಿದ್ದುದು ಲಂಡನ್ನಿನ ಹಾಸಿಗೆಯ ಮೇಲೆ! ಆಗ ಇಲ್ಲಿ ಬಿಳಿಯ ಸಿಪಾಯಿಗಳು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. 1873ರಲ್ಲಿ ಅದು 18ಕ್ಕೆ ಇಳಿದಿದೆಯೆಂದು ಆಕೆಯು ಪ್ರಕಟಿಸಿದಳು. ಸಿಪಾಯಿಗಳ ಲೆಕ್ಕದಿಂದ ಮುಂದುವರಿದು ಇಲ್ಲಿಯ ರೈತರ ನೀರಾವರಿ, ಕ್ಷಾಮ, ಸಾಲಗಳ ವಿಚಾರಕ್ಕೂ ಆಕೆಯು ಕೈಹಾಕಿದಳು.

ಬೆಲ್ಜಿಯಂ ದೇಶದ ಕೆಟಲೆ ಎಂಬ ಶಾಸ್ತ್ರಜ್ಞನು 1872ರಲ್ಲಿ ತಾನು ಬರೆದ ಸಮಾಜಶಾಸ್ತ್ರದ ಗ್ರಂಥವನ್ನು ಆಕೆಗೆ ಕಳುಹಿಸಿದನು. ಆಕೆಯು ಅದನ್ನು ಪುಟಪುಟವಾಗಿ ಓದಿ, ಅಂಚುಗಳಲ್ಲಿ ಟಿಪ್ಪಣಿ ತುಂಬಿದಳು. ಲೋಕದಲ್ಲಿ ಕಾಣುವ ಈ ಕ್ರಮಗಳು ದೇವರ ನಿಯಮಗಳೇ ಆಗಿವೆ. ಅವನ್ನು ಅರಿತು ನಡೆಯುವುದು ಭಕ್ತಿಯ ಒಂದು ಭಾಗವೆಂದು ಆಕೆಯ ನಂಬಿಕೆ. ಕೆಟಲೆಯು 1874ರಲ್ಲಿ ತೀರಿಕೊಂಡ ಬಳಿಕ ಅವನ ವಿದ್ಯೆಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಲಿಸಬೇಕೆಂಬ ಆಶೆಯು ಆಕೆಯಲ್ಲಿ ಬಲವಾಯಿತು. ಸರ್ಕಾರದ ಕಚೇರಿಗಳಲ್ಲಿ ಅಂಕಿಗಳ ರಾಶಿಯೇ ಬಿದ್ದಿತ್ತು; ಅವನ್ನು ಓದಬಲ್ಲ ಅಧಿಕಾರಿಗಳಿರಲಿಲ್ಲ. ಅವರಿಗೆ ಈ ವಿದ್ಯೆಯನ್ನು ಹೇಳಿಕೊಡುವ ಶಾಲೆಯೇ ಇಲ್ಲದಿದ್ದರೆ ಎಲ್ಲಿಂದ ಬಂದಾರು?

1891ರಲ್ಲಿ ಆಕೆಯು ಫ್ರಾನ್ಸಿಸ್ ಗಾಲ್ಟನನಿಗೆ ಈ ಕುರಿತು ದೀರ್ಘವಾಗಿ ಬರೆದಳು. ಶಾಲೆ ಬಿಟ್ಟ ಮೇಲೆ ಎಷ್ಟು ಮಕ್ಕಳು ಕಲಿತುದನ್ನೆಲ್ಲ ಮರೆಯುತ್ತಾರೆ? ಶಿಕ್ಷೆಯು ಅಪರಾಧವನ್ನು ತಗ್ಗಿಸುತ್ತದೆಯೋ ಬೆಳೆಸುತ್ತದೆಯೋ? ಹಿಂದೂದೇಶದ ಜನರು ಮೊದಲಿಗಿಂತ ಸುಖವಾಗಿ ಉಂಡುಡುತ್ತಾರೆಯೋ ಇಲ್ಲವೋ? ಇಂತಹ ಪ್ರಶ್ನೆಗಳಿಗೆ ಉತ್ತರ ಹುಡುಕುವುದನ್ನು ಕಲಿಸುವ ಉಪಾಧ್ಯಾಯನೊಬ್ಬನು ಬೇಕೆಂಬುದು ಆಕೆಯ ಕೋರಿಕೆ. ಗಾಲ್ಟನನು ಆಕ್ಸ್‌ಫರ್ಡಿನ ಯೋಜನೆಯನ್ನು ಬದಲಿಸಿ ಬೇರೆ ಬಗೆಯ ಉಪನ್ಯಾಸಗಳನ್ನು ಸೂಚಿಸಿದನು. ಮಾತು ಅಲ್ಲಿಗೇ ನಿಂತುಹೋಯಿತು. ಈ ಕೆಲಸಕ್ಕಾಗಿ ಉಯಿಲಿನಲ್ಲಿ ಬರೆದಿಟ್ಟಿದ್ದ ಹಣವನ್ನೂ ಆಕೆಯು ಹಿಂದಕ್ಕೆ ತೆಗೆದುಕೊಂಡಳು. ಸಿಪಾಯಿಗಳ ಬಿಡಾರಗಳನ್ನು ಬದಲಾಯಿಸಬಲ್ಲವಳಿಗೆ ವಿಶ್ವವಿದ್ಯಾನಿಲಯದ ಒಂದು ಪೀಠವನ್ನು ಹಾಕಿಸುವುದು ಸಾಧ್ಯವಾಗಲಿಲ್ಲ.

1910ರ ಆಗಸ್ಟ್ 13ನೆಯ ತಾರೀಖಿನಲ್ಲಿ, ತೊಂಬತ್ತು ವರ್ಷದವಳಾಗಿ, ನಿದ್ರೆಯಲ್ಲಿ ಕರ್ತನ ಬಳಿಗೆ ಸೇರಿದಳು. ಮರುವರ್ಷವೇ, 1911ರಲ್ಲಿ, ಗಾಲ್ಟನನು ಬಿಟ್ಟುಹೋದ ಹಣದಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಯ ಸಂಖ್ಯಾಶಾಸ್ತ್ರದ ವಿಭಾಗವು ಏರ್ಪಟ್ಟು, ಕಾರ್ಲ್ ಪಿಯರ್ಸನ್ ಅದರ ಮುಖ್ಯಸ್ಥನಾದನು. 1909ರಲ್ಲಿ, ನೈಟಿಂಗೇಲ್ ಇನ್ನೂ ಬದುಕಿದ್ದಾಗ, ಅವಳ ಸ್ನೇಹಿತರಾಗಿದ್ದ ದಂಪತಿಗಳಿಗೆ ಹೆಣ್ಣುಮಗುವೊಂದು ಹುಟ್ಟಿತು. ಅವರು ಅದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಡೇವಿಡ್ ಎಂದು ಹೆಸರಿಟ್ಟರು. ಆ ಹುಡುಗಿಯು ಬೆಳೆದು ಗಣಿತವನ್ನೇ ಓದಿ, ಪಿಯರ್ಸನನ ಕೈಕೆಳಗೆ ಕೆಲಸ ಕಲಿತು, 1962ರಲ್ಲಿ ಅದೇ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಿಕೆಯಾದಳು.