ಒಡೆದ ಮನಸ್ಸುಗಳನ್ನು ಕೂಡಿಸಿದ ಸಂತ ಜೋಸೆಫ್ ವಾಜ್



ಮುಡಿಪು ಬೆಟ್ಟ ಹತ್ತಿ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಇಲ್ಲಿನ ನೀರಿನ ಒರತೆಯನ್ನು. ಸಂತ ಜೋಸೆಫ್ ವಾಜರು ಈ ಸೀಮೆಯಲ್ಲಿ ಸೇವೆ ಮಾಡುತ್ತಿದ್ದಾಗ ಅವರಿಗೆ ಆಗದ ಕೆಲವರು, ರೋಗಿಯೊಬ್ಬ ಸಾಯುವ ಸ್ಥಿತಿಯಲ್ಲಿದ್ದಾನೆ ಅಂತ ಸುಳ್ಳು ಹೇಳಿ ರಾತ್ರಿ ಹೊತ್ತು ಅವರನ್ನು ಈ ಗುಡ್ಡಕ್ಕೆ ಕರೆಸಿದರಂತೆ. ಮೋಸ ತಿಳಿದರೂ ಅವರು ಓಡಲಿಲ್ಲ. ಮೊಣಕಾಲೂರಿ ಪ್ರಾರ್ಥನೆಗೆ ಕುಳಿತರು. ಆಗ ಬೆಳಕು ಮೂಡಿ, ಅದೇ ಜಾಗದಲ್ಲಿ ನೀರು ಚಿಮ್ಮಿತು ಎಂಬುದು ಹಿರಿಯರಿಂದ ಕೇಳಿಕೊಂಡು ಬಂದ ನಂಬಿಕೆ.

ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವುದು ಒಳ್ಳೆಯದೇ. ಆದರೆ ಈ ಸಂತರು ನಮ್ಮ ಕರಾವಳಿಗೆ ಬಂದದ್ದು ಯಾಕೆ, ಇಲ್ಲಿ ಅವರಿಗೆ ಎದುರಾದ ಕಷ್ಟ ಏನು ಎಂಬುದನ್ನು ತಿಳಿಯದೆ ಬೆಟ್ಟ ಇಳಿದರೆ ಯಾತ್ರೆ ಅರ್ಧ ಮಾಡಿದ ಹಾಗೆ. ಆ ಕಷ್ಟ ಹೊರಗಿನವರಿಂದ ಬಂದದ್ದಲ್ಲ. ಕ್ರೈಸ್ತರು ಕ್ರೈಸ್ತರೊಳಗೇ ಕಟ್ಟಿಕೊಂಡ ಜಗಳ ಅದು.

ಜನನ ಮತ್ತು ಗುರುದೀಕ್ಷೆ

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತ್ಯದ ಬೆನಾವ್ಲಿ ಗ್ರಾಮದಲ್ಲಿ ಹುಟ್ಟಿದರು. ಅದು ಅವರ ತಾಯಿಯ ಊರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು, ತಾಯಿ ಮರಿಯಾ ದಿ ಮಿರಾಂದಾ. ಆರು ಮಕ್ಕಳಲ್ಲಿ ಇವರು ಮೂರನೆಯವರು. ಮನೆಮಾತು ಕೊಂಕಣಿ. ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತು, ಗೋವಾ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿ ಓದಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಅನುಕೂಲಸ್ಥ ಮನೆತನ, ಮೇಲ್ಜಾತಿಯ ಮೂಲ, ಒಳ್ಳೆಯ ವಿದ್ಯೆ. ಎಲ್ಲವೂ ಇತ್ತು. ಆದರೆ ಗುರುಗಳಾದ ಮೇಲೆ ಅವರು ಪಾದರಕ್ಷೆ ಬಿಟ್ಟು ಬಡವರ ಹಾಗೆ ಬರಿಗಾಲಲ್ಲಿ ನಡೆಯತೊಡಗಿದರು. 1677ರ ಆಗಸ್ಟ್ 5ರಂದು ಮಾತೆ ಮರಿಯಮ್ಮನವರಿಗೆ ತನ್ನನ್ನು ದಾಸನಾಗಿ ಒಪ್ಪಿಸಿಕೊಂಡು ಒಂದು ಪತ್ರ ಬರೆದು ಸಹಿ ಹಾಕಿದರು. ಆ ಕಾಲದಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ದಾಸ ಎಂದರೆ ಏನು ಎಂಬುದು ಅಂದಿನ ಜನಕ್ಕೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ಯೇಸುಕ್ರಿಸ್ತರು ದೇವರ ಸ್ಥಾನದಲ್ಲಿದ್ದೂ ಅದನ್ನು ಹಿಡಿದುಕೊಳ್ಳದೆ ತಮ್ಮನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದರು, ಶಿಲುಬೆಯ ಮರಣದವರೆಗೂ ತಗ್ಗಿದರು ಎಂದು ತಿಳಿಸುತ್ತಾರೆ. ಇದನ್ನು ಪೌಲರು ಹೇಳಿದ್ದು ಫಿಲಿಪ್ಪಿಯವರು ಒಗ್ಗಟ್ಟಾಗಿರಲಿ ಎಂಬ ಕಾರಣಕ್ಕೆ. ಅಂದರೆ ಕ್ರಿಸ್ತರ ಮನಸ್ಸು ಬಂದಲ್ಲಿ ಮಾತ್ರ ಒಗ್ಗಟ್ಟು ಬರುತ್ತದೆ. ಜೋಸೆಫ್ ವಾಜರ ಜೀವನವೇ ಈ ಮಾತಿಗೆ ಸಾಕ್ಷಿ.

ಕೆನರಾದಲ್ಲಿ ಎರಡು ಪಂಗಡ

ಗುರುಗಳಾದ ದಿನದಿಂದ ಅವರ ಮನಸ್ಸೆಲ್ಲ ಶ್ರೀಲಂಕಾದ ಮೇಲೆ ಇತ್ತು. ಅಲ್ಲಿ ಡಚ್ಚರ ಆಡಳಿತ ಬಂದ ಮೇಲೆ ಕಥೋಲಿಕರಿಗೆ ಒಬ್ಬ ಗುರುವೂ ಇಲ್ಲದಂತಾಗಿತ್ತು. ಆದರೆ 1681ರಲ್ಲಿ ಗೋವೆಯ ಮೇಲಧಿಕಾರಿಗಳು ಅವರನ್ನು ಕಳಿಸಿದ್ದು ನಮ್ಮ ಕೆನರಾಕ್ಕೆ, ಇಲ್ಲಿಯ ಗುರುಗಳ ಮೇಲ್ವಿಚಾರಕರಾಗಿ. ಆಶೆ ಒಂದು ಕಡೆ, ಆಜ್ಞೆ ಇನ್ನೊಂದು ಕಡೆ. ಅವರು ಆಜ್ಞೆಗೆ ತಲೆಬಾಗಿ ಹೊರಟರು.

ಆಗ ಈ ನಾಡು ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಗೋವೆಯಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರು ಮಂಗಳೂರು, ಬಾರ್ಕೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿ ಮುಂತಾದ ಕಡೆ ಹರಡಿಕೊಂಡಿದ್ದರು. ಶಿವಪ್ಪ ನಾಯಕನು ಪೋರ್ಚುಗೀಸರ ಕೋಟೆಗಳನ್ನು ವಶಪಡಿಸಿಕೊಂಡ ಮೇಲೆ ಇಗರ್ಜಿಗಳು ಪಾಳುಬಿದ್ದು, ಗುರುಗಳ ಸಂಖ್ಯೆ ಕಡಿಮೆಯಾಗಿತ್ತು. ಇದರ ಮೇಲೆ ಒಳಜಗಳ.

ಜಗಳದ ಮೂಲ ಹೀಗೆ. ಪೂರ್ವದೇಶಗಳಲ್ಲಿ ಬಿಷಪರನ್ನು, ಗುರುಗಳನ್ನು ನೇಮಿಸಿ ಪೋಷಿಸುವ ಹಕ್ಕನ್ನು ಜಗದ್ಗುರುಗಳು ಹಿಂದೆಯೇ ಪೋರ್ಚುಗಲ್ಲಿನ ರಾಜರಿಗೆ ಕೊಟ್ಟಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಪೋರ್ಚುಗೀಸರ ಬಲ ಕುಂದಿ ಜನರ ಆತ್ಮಸೇವೆ ನಿಂತುಹೋಗುತ್ತಿದ್ದ ಕಡೆಗೆ ರೋಮಿನಿಂದಲೇ ನೇರವಾಗಿ ಬಿಷಪರನ್ನು ಕಳಿಸುವ ಪದ್ಧತಿ ಆಮೇಲೆ ಬಂತು. 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಪ್ರೊಪಗಾಂಡ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿತ್ತು. ಹೀಗೆ ರೋಮಿನ ನೇಮಕದ ಮೇಲೆ ಇಲ್ಲಿಗೆ ಬಂದವರು ಬಿಷಪ್ ಥೋಮಸ್ ದೆ ಕಾಸ್ತ್ರೊ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಇವರೇ. ಇವರೂ ಗೋವೆಯವರೇ, ಕೊಂಕಣಿಯವರೇ. ಆದರೆ ಗೋವೆಯ ಆಡಳಿತ ಅವರ ಅಧಿಕಾರವನ್ನು ಒಪ್ಪಲಿಲ್ಲ.

ಮೇಲಿನವರ ಜಗಳದಲ್ಲಿ ನರಳಿದವರು ಕೆಳಗಿನ ಜನ. ಈ ಗುರುಗಳ ಹತ್ತಿರ ಮಾಡಿದ ಪಾಪನಿವೇದನೆ ಸಲ್ಲುತ್ತದೋ ಇಲ್ಲವೋ, ಆ ಗುರುಗಳು ನಡೆಸಿದ ಮದುವೆ ದೇವರ ಮುಂದೆ ಮದುವೆಯೇ ಹೌದೋ ಅಲ್ಲವೋ ಎಂಬ ಸಂಶಯ ಮನೆಮನೆಗೆ ನುಗ್ಗಿತು. ಒಂದೇ ಜಪಸರ ಹಿಡಿಯುವ ಜನ ಎರಡು ಪಂಗಡವಾದರು.

ವಾಜರು ಗೋವೆಯ ಕಡೆಯಿಂದ ಅಧಿಕಾರಪತ್ರ ಹಿಡಿದುಕೊಂಡು ಬಂದವರು. ಬಿಷಪರ ವಿರುದ್ಧ ಜನರನ್ನು ಎತ್ತಿಕಟ್ಟುವುದು ಅವರಿಗೆ ಕಷ್ಟದ ಕೆಲಸವಲ್ಲ. ಅದು ಬಿಟ್ಟು ಅವರು ತಾವೇ ಬಿಷಪರ ಬಳಿಗೆ ನಡೆದು ಹೋದರು. ತಗ್ಗಿ ನಮಸ್ಕರಿಸಿದರು. ಗುರುಗಳು ಬಿಷಪರಿಗೆ ಕೊಡಬೇಕಾದ ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ರೋಮಿನಿಂದ ಬಂದ ನೇಮಕದ ಪತ್ರವನ್ನು ತೋರಿಸಬೇಕೆಂದು ವಿನಯದಿಂದ ಕೇಳಿಕೊಂಡರು. ಪತ್ರ ನಿಜವೆಂದು ಮನವರಿಕೆಯಾದ ಮೇಲೆ, ಅಂತಿಮ ತೀರ್ಮಾನ ಬರುವವರೆಗೆ ಜನರ ಮನಸ್ಸಾಕ್ಷಿಯನ್ನು ಕದಡದೆ ಎರಡೂ ಕಡೆಯವರು ಸಮಾಧಾನದಿಂದ ಸೇವೆ ನಡೆಸಬೇಕೆಂಬ ದಾರಿಗೆ ಬಂದರು. ತಮ್ಮನ್ನು ಕಳಿಸಿದ ಗೋವೆಯವರಿಗೂ ನಿಜಸ್ಥಿತಿ ತಿಳಿಸಿದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರು ಗೋವೆಯವರಿಗೆ ದ್ರೋಹ ಮಾಡಲಿಲ್ಲ, ಬಿಷಪರಿಗೆ ಅವಮಾನ ಮಾಡಲಿಲ್ಲ. ಸತ್ಯ ಏನೆಂದು ವಿಚಾರಿಸುವ ಕೆಲಸ ಬಿಡಲಿಲ್ಲ. ಬಿಟ್ಟದ್ದು ತನ್ನ ಮಾತೇ ನಡೆಯಬೇಕೆಂಬ ಹಠ ಒಂದನ್ನು ಮಾತ್ರ.

ಅಷ್ಟಕ್ಕೇ ಅವರು ಕುಳಿತುಕೊಳ್ಳಲಿಲ್ಲ. ಊರಿಂದ ಊರಿಗೆ ಬರಿಗಾಲಲ್ಲಿ ನಡೆದು ಬಲಿಪೂಜೆ ಅರ್ಪಿಸಿದರು, ಪಾಳುಬಿದ್ದ ಇಗರ್ಜಿಗಳನ್ನು ಎತ್ತಿಕಟ್ಟಿದರು, ಮಕ್ಕಳಿಗೆ ಶಾಲೆ ಮಾಡಿದರು, ಭಕ್ತರ ಸಂಘಗಳನ್ನು ಕಟ್ಟಿದರು, ದಾಸ್ಯಕ್ಕೆ ಸಿಕ್ಕವರನ್ನು ಬಿಡಿಸಲು ಓಡಾಡಿದರು. ಒಟ್ಟಿಗೆ ಕೆಲಸ ಮಾಡಿದ ಜನಕ್ಕೆ ಜಗಳಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು!

ಬಿಷಪ್ ದೆ ಕಾಸ್ತ್ರೊ 1684ರಲ್ಲಿ ತೀರಿಕೊಂಡರು. ಅದೇ ವರ್ಷ ವಾಜರು ಗೋವೆಗೆ ಮರಳಿದರು. ಎರಡು ಅಧಿಕಾರಗಳ ವ್ಯಾಜ್ಯ ಅಲ್ಲಿಗೆ ಪೂರ್ತಿ ಮುಗಿಯಲಿಲ್ಲ. ಅದು ಭಾರತದ ಬೇರೆ ಬೇರೆ ಕಡೆ ಇನ್ನೂ ಇನ್ನೂರು ವರ್ಷ ಎಳೆಯಿತು. ಮಂಗಳೂರು ಸ್ವಂತ ಧರ್ಮಪ್ರಾಂತ್ಯವಾದದ್ದು 1886ರಲ್ಲಿ. ಆದರೆ ಜಗಳದ ನಡುವೆಯೂ ಕ್ರಿಸ್ತರ ಮನಸ್ಸಿನಿಂದ ನಡೆಯಲು ಆಗುತ್ತದೆ ಎಂಬುದನ್ನು ಅವರು ಆ ಮೂರೇ ವರ್ಷದಲ್ಲಿ ಈ ಮಣ್ಣಿನಲ್ಲಿ ತೋರಿಸಿಕೊಟ್ಟಿದ್ದರು.

ಗೋವೆಯ ಗುರುಗಳ ಕೂಟ

ಆ ಕಾಲದಲ್ಲಿ ನಮ್ಮ ದೇಶದ ಗುರುಗಳನ್ನು ಯೂರೋಪಿನ ಸನ್ಯಾಸಿ ಸಭೆಗಳು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಇದರಿಂದ ಮನನೊಂದು ಬೇರೆಯಾಗುವುದು ಸುಲಭ. ವಾಜರೂ ಅವರ ಜೊತೆಯವರೂ ಹಾಗೆ ಮಾಡದೆ, ಹಳೇ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಒಟ್ಟಾಗಿ ಬಾಳತೊಡಗಿದರು. 1685ರಲ್ಲಿ ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಓರೆಟರಿ ಎಂಬ ಗುರುಗಳ ಕೂಟ ರೂಪುಗೊಂಡಿತು. ವಾಜರು ಅದರ ಮುಖ್ಯಸ್ಥರಾದರು. ಮಾರನೆಯ ವರ್ಷವೇ ಆ ಸ್ಥಾನ ಬಿಟ್ಟು ಶ್ರೀಲಂಕಾಕ್ಕೆ ಹೊರಟರು. ಅವರ ಸಂಗಡ ಇದ್ದವನು ಜಾನ್ ಎಂಬ ನಂಬಿಗಸ್ತ ಸೇವಕ.

ಶ್ರೀಲಂಕಾದಲ್ಲಿ

ಕೆನರಾ, ಕೇರಳ ದಾಟಿ, ತೂತ್ತುಕುಡಿಯಿಂದ ಹಡಗು ಹತ್ತಿ, 1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಜಾಫ್ನಾ ತಲುಪಿದರು. ದಾರಿಯಲ್ಲೇ ಇಬ್ಬರಿಗೂ ಕಾಯಿಲೆ ಹಿಡಿದಿತ್ತು. ಆಶ್ರಯವಿಲ್ಲದೆ ಬಿದ್ದುಕೊಂಡಿದ್ದ ಅವರಿಗೆ ಒಬ್ಬ ಹೆಂಗಸು ಗಂಜಿ ಕೊಟ್ಟು ಬದುಕಿಸಿದಳು.

ಡಚ್ಚರು ಕೂಡ ಕ್ರೈಸ್ತರೇ, ಆದರೆ ಕ್ಯಾಲ್ವಿನ್ ಮತದವರು. ಅವರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ಆಶ್ರಯ ಕೊಡುವುದೇ ಅಪರಾಧ. ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಕಣ್ಣು ಅರಳಿತೋ ಅವರು ನಮ್ಮವರು ಅಂತ ಗುರುತು ಹಿಡಿದರು. ಹಗಲು ಅಡಗಿದ್ದು ರಾತ್ರಿ ಬಲಿಪೂಜೆ ಮಾಡಿದರು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ದೂರಿನ ಮೇಲೆ ಸೆರೆಯಾದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಒಮ್ಮೆ ಬರಗಾಲ ಬಂದಾಗ ಅರಸ ಎರಡನೆಯ ವಿಮಲಧರ್ಮಸೂರ್ಯನ ಕೋರಿಕೆಯಂತೆ ಅವರು ಪ್ರಾರ್ಥಿಸಲು ಮಳೆ ಸುರಿಯಿತೆಂದೂ, ಅಂದಿನಿಂದ ಅರಸನು ಅವರಿಗೆ ಸ್ವಾತಂತ್ರ್ಯ ಕೊಟ್ಟನೆಂದೂ ಹೇಳುತ್ತಾರೆ.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ಮನೆಯವರೇ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜರು ತಮ್ಮ ಸಂಬಂಧಿಯೂ ಆಗಿದ್ದ ಗುರು ಜೋಸೆಫ್ ಕಾರ್ವಾಲೊ ಅವರ ಜೊತೆ ಅಲ್ಲೇ ನಿಂತರು. ರೋಗಿಗಳಿಗೆ ಗುಡಿಸಲು ಹಾಕಿ, ಗಂಜಿ ಕುಡಿಸಿ, ಗಾಯ ತೊಳೆದು, ಸತ್ತವರನ್ನು ತಾವೇ ಹೂಳಿದರು. ಕಥೋಲಿಕನೋ, ಬೌದ್ಧನೋ ಅಂತ ಕೇಳಲಿಲ್ಲ. ಇವರಿಗೆ ಕಾವಲಿಟ್ಟಿದ್ದ ಊರಿನ ಜನರೇ ಇವರನ್ನು ತಮ್ಮವರೆಂದು ಒಪ್ಪಿಕೊಂಡರು.

ರೋಮಿನ ಪ್ರತಿನಿಧಿಯ ಕಡೆಯಿಂದ ಬಿಷಪ್ ಆಗುವ ಅವಕಾಶ ಬಂದಾಗಲೂ ಅವರು ಬೇಡವೆಂದು ಸಾದಾ ಗುರುವಾಗಿಯೇ ಉಳಿದರು. ಅಧಿಕಾರದ ಹೆಸರಿನಲ್ಲಿ ಜನ ಹೇಗೆ ಒಡೆಯುತ್ತಾರೆ ಎಂಬುದನ್ನು ಕೆನರಾದಲ್ಲಿ ಕಣ್ಣಾರೆ ಕಂಡವರು ಅವರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೇವರ ಪಾದ ಸೇರಿದರು. ಜಗದ್ಗುರು ಎರಡನೆಯ ಜಾನ್ ಪೌಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಧನ್ಯರೆಂದು ಸಾರಿದರು. ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲೇ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಜನವರಿ 16 ಅವರ ಹಬ್ಬದ ದಿನ.

ಯಾತ್ರಿಕರಿಗೆ ಒಂದು ಮಾತು

ಇಂದು ಪದ್ರುವಾದೊ ಇಲ್ಲ. ಆದರೆ ಜಗಳ ಹೋಗಿದೆಯೇ? ಹಬ್ಬದ ಮೆರವಣಿಗೆಯಲ್ಲಿ ಯಾರು ಮುಂದೆ ನಡೆಯಬೇಕು, ಪೂಜೆ ಯಾವ ಭಾಷೆಯಲ್ಲಿ ಆಗಬೇಕು, ಸಮಿತಿಯಲ್ಲಿ ಯಾರ ಹೆಸರು ಇರಬೇಕು ಎಂಬ ಮಾತಿಗೆ ಮುಖ ತಿರುಗಿಸುವವರು ನಮ್ಮಲ್ಲಿ ಇದ್ದಾರೆ. ಪಕ್ಕದ ಬೀದಿಯ ಪ್ರೊಟೆಸ್ಟೆಂಟ್ ಸಭೆಯವರು ಎದುರಾದರೆ ಸ್ತೋತ್ರ ಹೇಳದೆ ದಾಟಿ ಹೋಗುವವರೂ ಇದ್ದಾರೆ. ಒಂದೇ ಬೆಂಚಿನಲ್ಲಿ ಕುಳಿತು ಪರಮಪ್ರಸಾದ ಸ್ವೀಕರಿಸಿ, ಹೊರಗೆ ಬಂದು ಮಾತು ಬಿಟ್ಟ ಅಣ್ಣತಮ್ಮಂದಿರೂ ಇದ್ದಾರೆ.

ಸಂತ ಜೋಸೆಫ್ ವಾಜರು ಕಲಿಸಿದ ಪಾಠ ದೊಡ್ಡ ಓದಿನದ್ದಲ್ಲ. ನ್ಯಾಯ ನಮ್ಮ ಕಡೆ ಇದ್ದರೂ ಮೊದಲು ನಾವೇ ಎದ್ದು ಅವರ ಮನೆಯ ಮೆಟ್ಟಿಲು ಹತ್ತಬೇಕು. ಅವರ ಮಾತನ್ನು ಪೂರ್ತಿ ಕೇಳಬೇಕು. ಆಮೇಲೆ ಇಬ್ಬರೂ ಸೇರಿ ಮಾಡಬಹುದಾದ ಒಂದು ಒಳ್ಳೆಯ ಕೆಲಸ ಹುಡುಕಬೇಕು.

ಇಲ್ಲಿ ಮೊಣಕಾಲೂರಿ ಪ್ರಾರ್ಥಿಸುವಾಗ ನಿಮ್ಮ ಬೇಡಿಕೆಯ ಜೊತೆಗೆ, ನಿಮಗೆ ಮಾತಿಲ್ಲದ ಒಬ್ಬರ ಹೆಸರನ್ನೂ ಸೇರಿಸಿಕೊಳ್ಳಿ. ಬೆಟ್ಟದಿಂದ ಒಯ್ಯುವ ನೀರಿನಲ್ಲಿ ಒಂದು ಪಾಲನ್ನು ಆ ಮನೆಗೂ ಕೊಂಡೊಯ್ಯಿರಿ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.