ದಾದಾಭಾಯಿ ನವರೋಜಿಯವರ ಲೆಕ್ಕ

1825ರಲ್ಲಿ ಮುಂಬಯಿಯ ಬಡ ಪಾರ್ಸಿ ಕುಟುಂಬದಲ್ಲಿ ಜನಿಸಿದ ದಾದಾಭಾಯಿ ನವರೋಜಿಯವರು ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರರಾಗಿದ್ದರು. ದೇಶದ ದಾರಿದ್ರ್ಯಕ್ಕಾಗಿ ಬರಿದೆ ಮರುಗದೆ, ಅದನ್ನು ಲೆಕ್ಕದಿಂದ ಸ್ಥಾಪಿಸಲು ಅವರು ತೊಡಗಿದರು. ಸರಕಾರದ ವರದಿಗಳು ಜಿಲ್ಲೆಜಿಲ್ಲೆಯ ಎಕರೆವಾರು ಇಳುವರಿಯನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿಯನ್ನು ಹೇಳುತ್ತಿದ್ದವು. ಸಾಗುವಳಿ ಹೆಚ್ಚಿರುವ ಜಿಲ್ಲೆಗೂ ಕಡಮೆಯಿರುವ ಜಿಲ್ಲೆಗೂ ಒಂದೇ ತೂಕ! ಈ ದೋಷವನ್ನು ಎತ್ತಿ ತೋರಿಸಿ, ವಿಸ್ತೀರ್ಣ, ಫಸಲು, ಧಾರಣೆಗಳನ್ನು ತಾವೇ ಗುಣಿಸಿ, ತಲೆಯೊಂದಕ್ಕೆ ವಾರ್ಷಿಕ ಉತ್ಪನ್ನ 20 ರೂಪಾಯಿಯೆಂದು 1876ರಲ್ಲಿ ಮಂಡಿಸಿದರು. ಸೆರೆಮನೆಯ ಕೈದಿಯ ಅನ್ನಬಟ್ಟೆಗೆ ಅದಕ್ಕಿಂತ ಹೆಚ್ಚು ವೆಚ್ಚವಾಗುತ್ತಿದ್ದುದನ್ನು ಸರಕಾರದ ಕಾಗದಪತ್ರಗಳಿಂದಲೇ ಸಿದ್ಧಪಡಿಸಿದರು. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರಾಗಿ, 1917ರಲ್ಲಿ ದಿವಂಗತರಾದರು. ಸಮಾಜದ ಸಂಶೋಧನೆಗೆ ಕೈಹಾಕುವ ತರುಣರು ಅಂಕಿಯನ್ನು ನಂಬುವ ಮುನ್ನ ಅದು ಹುಟ್ಟಿದ ಬಗೆಯನ್ನು ವಿಚಾರಿಸಲು ಈ ಮಹನೀಯರಿಂದ ಕಲಿಯಲೆಂದು ನಾವು ಹಾರೈಸುತ್ತೇವೆ.